ಬೇಲಿ ಸಾಯ್ಬರು ಮತ್ತು ನಾಲ್ಕು ದೇಶದ ಒಂದು ಮಾತು

ನೂರ್ ಅಹ್ಮದ್ ಎಂದರೆ ನಮ್ಮ ಕಡೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬೇಲಿ ಸಾಯ್ಬರು ಎನ್ನಬೇಕು. ಆಗ ಸಿರಸಿಯಿಂದ ಸಿದ್ದಾಪುರದವರೆಗೆ ಯಾವ ಊರಿನಲ್ಲಿ ಕೇಳಿದರೂ ‘ಓ, ಅವರಾ’ ಎಂದು ಒಂದು ಕತೆ ಹೇಳುತ್ತಿದ್ದರು. ಹೇಳಿದ್ದರಲ್ಲಿ ಅರ್ಧ ಸುಳ್ಳು. ನಾನು ತ್ಯಾಗಲಿ ಎಂಬ ಹಳ್ಳಿಯ ಶಾಲೆಯಲ್ಲಿ ಮಾಸ್ತರನಾಗಿದ್ದವನು. ಸುಳ್ಳು ಕೇಳಿದರೆ ಕೈ ಬೆತ್ತ ಹುಡುಕುತ್ತದೆ. ಅದಕ್ಕೇ ಕಂಡದ್ದನ್ನು ಬರೆದಿಡುತ್ತಿದ್ದೇನೆ.

ಸಾಯ್ಬರು ಹುಟ್ಟಿದ್ದು ಯಲ್ಲಾಪುರದಲ್ಲಿ. ಅಪ್ಪನದು ಸಾಗುವಾನಿ ಮರ ಸಾಗಿಸುವ ಗಾಡಿ. ಅಪ್ಪನ ಬೈಗುಳ ತಾಳಲಾರದೆ ಮೀಸೆ ಮೂಡುವ ಕಾಲಕ್ಕೆ ಮುಂಬಯಿಗೆ ಓಡಿಹೋಗಿ, ಹಡಗಿನ ಒಲೆಗೆ ಕಲ್ಲಿದ್ದಲು ಹಾಕುವ ಖಲಾಸಿಯಾದರು. ಹಡಗು ಜರ್ಮನಿಯ ಹ್ಯಾಂಬರ್ಗ್ ಬಂದರಿನಲ್ಲಿ ನಿಂತಿದ್ದಾಗಲೇ ಮೊದಲನೆಯ ಮಹಾಯುದ್ಧ ಶುರುವಾಯಿತು. ಹಡಗು ಇಂಗ್ಲಿಷರದು, ಖಲಾಸಿಗಳು ಇಂಗ್ಲಿಷರ ಪ್ರಜೆಗಳು. ಎಲ್ಲರನ್ನೂ ಹಿಡಿದು ಮುಳ್ಳುತಂತಿಯ ಶಿಬಿರದೊಳಗೆ ತಳ್ಳಿದರು. ಯಲ್ಲಾಪುರದ ಗಾಡಿಯವನ ಮಗ ಯಾವ ರಾಜನ ಜಗಳಕ್ಕೋ ವರ್ಷಗಟ್ಟಲೆ ತಂತಿಯ ಒಳಗೆ ಕೂತ. ಇದಕ್ಕೆ ನನಗೆ ಈಗಲೂ ಸಿಟ್ಟು ಬರುತ್ತದೆ. ಅವರಿಗೆ ಬರುತ್ತಿರಲಿಲ್ಲ.

ಯುದ್ಧ ಎಳೆದಂತೆಲ್ಲ ಜರ್ಮನರಲ್ಲಿ ಗಂಡಾಳುಗಳು ಸಾಲದಾದರು. ಶಿಬಿರದವರನ್ನು ಹಳ್ಳಿಗಳ ಕೆಲಸಕ್ಕೆ ಕಳಿಸತೊಡಗಿದರು. ನೂರ್ ಅಹ್ಮದರು ಹೋಗಿ ಬಿದ್ದದ್ದು ಒಬ್ಬ ಮುದುಕಿಯ ಮನೆಗೆ.

“ಮುದುಕಿಗೆ ಮೂರು ಹಲ್ಲು, ಮಾಸ್ತರ್ರೇ, ಆದ್ರೆ ಏನು ಗತ್ತು!” ಎನ್ನುತ್ತಿದ್ದರು. “ನಂಗೆ ಒಂದು ಹೊರೆ ಹಸಿ ಕೋಲು ಕೊಟ್ಳು. ಗೂಟ ತೋರಿಸಿ ‘ತ್ಸೌನ್, ತ್ಸೌನ್’ ಅಂದ್ಳು. ಎಂತ ಅಂತ ಗೊತ್ತಾಗ್ಲಿಲ್ಲ. ಕಡೆಗೆ ತಾನೇ ಕೂತು ಗೂಟಕ್ಕೆ ಕೋಲು ಹೆಣೆದು ತೋರಿಸಿದ್ಳು. ಬುಟ್ಟಿ ಹೆಣೆದ ಹಾಗೆ. ಆಗ ಗೊತ್ತಾಯ್ತು, ತ್ಸೌನ್ ಅಂದ್ರೆ ಬೇಲಿ.”

ಯುದ್ಧ ಮುಗಿದು ಹಾಲೆಂಡಿನ ಮೇಲೆ ಹಾಯ್ದು ಬರುವಾಗ ಅಲ್ಲಿನ ಒಬ್ಬಳು ತಾಯಿ ತನ್ನ ಹೂವಿನ ಪಾತಿ ತೋರಿಸಿ ‘ಟಾಯ್ನ್’ ಎಂದಳಂತೆ. ಇದು ಮುದುಕಿಯ ಮಾತೇ ಎಂದು ಇವರು ಬೇಲಿ ಹುಡುಕಿದರೆ ಬೇಲಿಯೇ ಇಲ್ಲ, ಬರೀ ಹೂವು. ಮುಂದೆ ಸಿಕ್ಕಿದ ಹಡಗಿನಲ್ಲಿ ನಾರ್ವೆಯ ಬಡಗಿಯೊಬ್ಬ ಊರು ನೆನೆದು ಅಳುತ್ತ ‘ತೂನ್’ ಎನ್ನುತ್ತಿದ್ದ. ಕೈಸನ್ನೆಯಲ್ಲಿ ಕೇಳಿದಾಗ ಹಲಗೆಯ ಮೇಲೆ ಸೀಮೆಸುಣ್ಣದಿಂದ ನಾಲ್ಕು ಮನೆ ಬರೆದು ನಡುವಿನ ಅಂಗಳ ತೋರಿಸಿದ. ಇಂಗ್ಲಿಷರಂತೂ ಸಿರಸಿಯಂಥ ಪೇಟೆಗೆ ‘ಟೌನ್’ ಎನ್ನುತ್ತಾರೆ.

ನಾನು ಈ ಕತೆ ಕೇಳಿದ್ದು, ಊರಿಗೆ ಮರಳಿ ಅವರು ಹೊಡೆಯುತ್ತಿದ್ದ ಬಾಡಿಗೆಯ ಎತ್ತಿನಗಾಡಿಯಲ್ಲಿ ಸಿರಸಿಗೆ ಹೋಗುವಾಗ. “ನಾಲ್ಕು ದೇಶದವ್ರು ಒಂದೇ ಮಾತನ್ನ ಹರಿದು ಹಂಚ್ಕೊಂಡಾರೋ, ಅಥ್ವಾ ನನ್ನ ಕಿವಿ ಕೆಟ್ಟದ್ಯೋ?” ಎಂದು ಕೇಳಿದರು. ನನ್ನಲ್ಲಿ ಸಿರಸಿಯ ನಿವೃತ್ತ ಹೆಡ್‌ಮಾಸ್ತರರೊಬ್ಬರು ಕೊಟ್ಟಿದ್ದ ದಪ್ಪ ಇಂಗ್ಲಿಷ್ ನಿಘಂಟು ಇತ್ತು. ಅದನ್ನು ಅಲ್ಲಿಯವರೆಗೆ ಬಾಗಿಲು ಬಡಿಯದಂತೆ ಒತ್ತಿಡಲು ಬಳಸುತ್ತಿದ್ದೆ. ಮನೆಗೆ ಬಂದು ಧೂಳು ಝಾಡಿಸಿ ನೋಡಿದೆ.

ಕಿವಿ ಕೆಟ್ಟಿರಲಿಲ್ಲ. ಎಲ್ಲ ಒಂದೇ ಬೇರಿನ ಮಾತು, ಆ ಬೇರಿನ ಅರ್ಥ ಬೇಲಿ. ಇಂಗ್ಲಿಷರು ‘ಟ’ ಎನ್ನುವಲ್ಲಿ ಜರ್ಮನರು ‘ತ್ಸ’ ಎನ್ನುತ್ತಾರೆ. ಹತ್ತಕ್ಕೆ ಇವರು ಟೆನ್, ಅವರು ತ್ಸೇನ್. ನಮ್ಮ ಹಳಗನ್ನಡದ ಪಾಲು ಹಾಲಾಯಿತಲ್ಲ, ಅಂಥದೇ ಒಂದು ಜಾಡು. ಹಳೆಯ ಇಂಗ್ಲಿಷಿನಲ್ಲಿ ‘ತೂನ್’ ಎಂದರೆ ಬೇಲಿ ಹಾಕಿದ ಜಾಗ. ಆಮೇಲೆ ಆ ಜಾಗದೊಳಗಿನ ಮನೆಮಾರು, ಆಮೇಲೆ ಹಲವು ಮನೆಗಳ ಹಳ್ಳಿ, ಕೊನೆಗೆ ಅಂಗಡಿ ಮುಂಗಟ್ಟಿನ ಪೇಟೆ. ಜರ್ಮನರು ಬೇಲಿಯಲ್ಲೇ ನಿಂತರು. ಡಚ್ಚರು ಬೇಲಿಯನ್ನು ಮರೆತು ಒಳಗೆ ಬೆಳೆದದ್ದನ್ನು ಇಟ್ಟುಕೊಂಡರು. ನಾರ್ವೆಯವರು ನಡುವಿನ ಅಂಗಳವನ್ನು ಇಟ್ಟುಕೊಂಡರು.

ನನಗೆ ಅವತ್ತು ಊಟ ಸೇರಲಿಲ್ಲ. ಒಂದು ಬೇಲಿಯನ್ನು ನಾಲ್ಕು ಜನ ನೋಡಿದರೆ ಒಬ್ಬನಿಗೆ ಗೂಟ ಕಾಣುತ್ತದೆ, ಒಬ್ಬನಿಗೆ ಹೂವು, ಒಬ್ಬನಿಗೆ ಅಂಗಳ, ಒಬ್ಬನಿಗೆ ಜನ. ತಮಿಳರಲ್ಲೂ ‘ವೇಲಿ’ ಎಂದರೆ ಬೇಲಿಯೂ ಹೌದು, ಜಮೀನಿನ ಒಂದು ಅಳತೆಯೂ ಹೌದು. ಮನುಷ್ಯ ಎಲ್ಲಿದ್ದರೂ ಮೊದಲು ಗೂಟ ಹೊಡೆಯುತ್ತಾನೆ, ಹೆಸರನ್ನು ಆಮೇಲೆ ಹುಡುಕುತ್ತಾನೆ. ಮರುವಾರ ಇದನ್ನೆಲ್ಲ ಸಾಯ್ಬರಿಗೆ ಹೇಳಿದೆ. ಅವರು ಎತ್ತಿನ ಬಾಲ ಮುಟ್ಟಿ ಗಾಡಿ ಹೊಡೆದರು.

“ನಂಗೆ ಈ ನಾಲ್ಕರಲ್ಲಿ ಒಂದೂ ಸಿಗ್ಲಿಲ್ಲ ನೋಡಿ” ಎಂದರು. “ತಂತಿ ಒಂದು ಸಿಕ್ತು.”

ಅದು ನಿಜ. ಊರಿಗೆ ಮರಳಿ ಬದ್ರುನ್ನಿಸಾರನ್ನು ಮದುವೆಯಾಗಿ, ಸಿರಸಿಯಲ್ಲಿ ಯಾರದೋ ವಖಾರಿಯ ಹಿಂದಿನ ಬಾಡಿಗೆ ಕೋಣೆಯಲ್ಲಿ ಸಂಸಾರ ಹೂಡಿದ್ದರು. ಲಾರಿ, ಮೋಟಾರುಗಳು ಬಂದು ಗಾಡಿ ಬಾಡಿಗೆ ಇಳಿಯಿತು. ಆಗ ಆ ಮುದುಕಿ ಕಲಿಸಿದ ವಿದ್ಯೆ ಕೈಹಿಡಿಯಿತು. ನಮ್ಮವರು ಮುಳ್ಳು ಒಟ್ಟಿ ಬೇಲಿ ಎನ್ನುತ್ತಿದ್ದರು. ಸಾಯ್ಬರು ಲಕ್ಕಿ ಗಿಡದ ಕೋಲು ಹೆಣೆದು ಕೋಳಿಮರಿ ನುಸುಳದಂಥ ಬೇಲಿ ಮಾಡಿಕೊಡುತ್ತಿದ್ದರು. ಊರೂರಿನ ಹಿತ್ತಿಲಿಗೆ ಅವರ ಬೇಲಿ. ಅವರಿಗೆ ಮಾತ್ರ ಹಿತ್ತಿಲಿಲ್ಲ. ಬದ್ರುನ್ನಿಸಾ ಒಡೆದ ಮಡಕೆಯಲ್ಲಿ ಪುದೀನ ಬೆಳೆಸಿ, ವಖಾರಿಯವನು ಬೈದಾಗಲೆಲ್ಲ ಮಡಕೆಯನ್ನು ಅಲ್ಲಿಂದಿಲ್ಲಿಗೆ ಎತ್ತಿಡುತ್ತಿದ್ದರು.

ಇಲ್ಲಿ ತ್ಯಾಗಲಿಯ ಒಂದು ಪದ್ಧತಿ ಹೇಳಬೇಕು. ಹೊಸ ಬೇಲಿ ಹಾಕುವಾಗ ಮೊದಲ ಗೂಟವನ್ನು ಜಾಗದ ಯಜಮಾನ ಹೊಡೆಯುತ್ತಾನೆ, ಪಕ್ಕದ ಮನೆಯವರು ಹಿಡಿದುಕೊಳ್ಳುತ್ತಾರೆ. ಹಿಡಿದರೆ ‘ಈ ಜಾಗ ನಿನ್ನದು, ನನಗೆ ಒಪ್ಪಿಗೆ’ ಎಂದ ಹಾಗೆ. ಆಮೇಲೆ ಪಕ್ಕದ ಮನೆಯ ಕಡೆಗೆ ಒಂದು ತಡಮೆ ಬಿಡಬೇಕು. ದನ ದಾಟದಂತೆ ಅಡ್ಡ ಎರಡು ಗಳ, ಮನುಷ್ಯ ದಾಟುವಂತೆ ಒಂದು ಮೆಟ್ಟುಗಲ್ಲು. ಗೂಟ ಹಿಡಿಯುವವರಿಲ್ಲದ ಬೇಲಿಗೆ ಕಳ್ಳಬೇಲಿ ಎನ್ನುತ್ತಾರೆ. ನಾನು ಇದನ್ನು ಮೊದಲು ಕೇಳಿದಾಗ ನಕ್ಕಿದ್ದೆ. ಹೊಡೆಯುವವನ ಕೈ ತಪ್ಪಿದರೆ ಹಿಡಿದವನ ಬೆರಳು ಜಜ್ಜುತ್ತದೆ. ಅಷ್ಟು ನಂಬಿಕೆ ಇಲ್ಲದಲ್ಲಿ ಬೇಲಿ ಹಾಕಬಾರದು ಎಂಬುದು ಆಮೇಲೆ ತಿಳಿಯಿತು.

ಕರ ಕೊಡುವುದಿಲ್ಲ ಎಂಬ ಚಳವಳಿ ನಮ್ಮ ತಾಲೂಕಿಗೆ ಬಂದಾಗ ತ್ಯಾಗಲಿಯ ಚೌಡನೂ ‘ಕೊಡೂದಿಲ್ಲ’ ಎಂದ. ಅವನಿಗಿದ್ದದ್ದು ತುಸು ಗದ್ದೆ, ಒಂದು ಮನೆ, ಹಿತ್ತಿಲು, ಹಿತ್ತಿಲಿನಲ್ಲಿ ಬೇಸಗೆಗೂ ಬತ್ತದ ಬಾವಿ. ಸಾಯ್ಬರ ಎತ್ತುಗಳು ವರ್ಷಗಟ್ಟಲೆ ನೀರು ಕುಡಿದದ್ದು ಆ ಬಾವಿಯಿಂದಲೇ. ಚೌಡನನ್ನು ಜೈಲಿಗೆ ಒಯ್ದರು, ಮನೆ ಗದ್ದೆ ಜಪ್ತಿ ಮಾಡಿ ಹರಾಜು ಹಾಕಿದರು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನುವುದು ಇದಕ್ಕೇ. ಹರಾಜಿನಲ್ಲಿ ಊರಿನವರು ಯಾರೂ ಬೆಲೆ ಕೂಗಲಿಲ್ಲ. ಮೂಡಲ ಸೀಮೆಯ ಶಿವಲಿಂಗಪ್ಪ ಎಂಬ ವ್ಯಾಪಾರಿ ಬಂದು ಅಗ್ಗಕ್ಕೆ ಹಿಡಿದ. ಚೌಡನ ಹೆಂಡತಿ ದುರ್ಗಮ್ಮ ಪಕ್ಕದ ಬೈರನ ಜಾಗದಲ್ಲಿ ಸೋಗೆಯ ಗುಡಿಸಲು ಕಟ್ಟಿಕೊಂಡು ಕೂತಳು. ಚೌಡ ಬಿಡುಗಡೆಯಾಗಿ ಬಂದವನು ಹೆಚ್ಚು ದಿನ ಉಳಿಯಲಿಲ್ಲ. ಜೈಲಿನಲ್ಲಿ ಹತ್ತಿದ ಜ್ವರ ಆ ಗುಡಿಸಲಿನಲ್ಲಿ ಅವನನ್ನು ಮುಗಿಸಿತು. ತನ್ನ ಮನೆಯ ಮಾಡು ನೋಡುತ್ತ ಸತ್ತ.

ಅದಾಗಿ ಸ್ವಲ್ಪ ಕಾಲಕ್ಕೆ ಶಿವಲಿಂಗಪ್ಪ ಸಾಯ್ಬರಿಗೆ ಹೇಳಿಕಳಿಸಿದ. ಆತ ಕೆಟ್ಟವನೆಂದು ನಾನು ಹೇಳಲಾರೆ. ವ್ಯಾಪಾರಿ, ಅಷ್ಟೆ. ಎಲ್ಲದಕ್ಕೂ ಒಂದು ಬೆಲೆ ಇದೆ ಎಂದು ನಂಬಿದವನು.

“ಬರ್ರಿ ಸಾಹೇಬ್ರ, ಕುಂದರ್ರಿ” ಎಂದು ಚೌಡನ ಮನೆಯ ಜಗುಲಿಯಲ್ಲಿ ಕೂರಿಸಿದ. “ಈ ಊರಾಗ ನನಗ ಒಂದು ಆಳು ಸಿಗವಲ್ದು. ನೀವು ಹಿತ್ತಲಕ್ಕ ಗಟ್ಟಿ ಬೇಲಿ ಹಾಕ್ರಿ, ಇಲ್ಲೇ ಇದ್ದು ನೋಡ್ಕೊಳ್ರಿ. ಆ ಮೂಲ್ಯಾಗಿನ ಜಾಗಾ ನಿಮ್ಮದು. ಮನಿ ಕಟ್ಕೊಳ್ರಿ. ಯಾರೂ ಕೇಳಂಗಿಲ್ಲ.”

ಸಾಯ್ಬರು ಆ ದಿನವೇ ನನ್ನ ಶಾಲೆಗೆ ಬಂದರು. ಎಂತ ಮಾಡಲಿ ಎಂದು ಕೇಳಲು ಬಂದವರು, ಆದರೆ ಕಣ್ಣು ನೋಡಿದರೆ ಆಗಲೇ ತೀರ್ಮಾನ ಮಾಡಿಯಾಗಿತ್ತು. “ಬದ್ರುನ್ನಿಸಾ ಪುದೀನ ನೆಲದಲ್ಲಿ ಊರಬೌದು, ಮಾಸ್ತರ್ರೇ” ಎಂದರು. ಚೌಡನ ಜಾಗ ಅದು ಎಂದೆ. “ನಾನು ತಗೊಳ್ದೆ ಇದ್ರೂ ಚೌಡನಿಗೆ ಬರೂದಿಲ್ಲಲ್ಲ” ಎಂದರು. ಈ ಮಾತನ್ನು ನಾನು ಒಪ್ಪಲಿಲ್ಲ.

ಬೇಲಿ ಹಾಕುವ ದಿನ ಶಿವಲಿಂಗಪ್ಪ ಗೂಟ ಹೊಡೆಯುವ ಮರದ ಕೊಡತಿ ಹಿಡಿದು ನಿಂತ. ಗೂಟ ಹಿಡಿಯಲು ಬೈರನನ್ನು ಕರೆದರೆ ಬೈರ ಬೆನ್ನು ಹಾಕಿ ಗದ್ದೆಗೆ ಹೋದ. ದುರ್ಗಮ್ಮ ಗುಡಿಸಲಿನ ಬಾಗಿಲಲ್ಲಿ ಕೂತು ನೋಡುತ್ತಿದ್ದಳು. ಕೆಲಸ ಅಲ್ಲೇ ನಿಲ್ಲಬೇಕಿತ್ತು. ಶಿವಲಿಂಗಪ್ಪನಿಗೆ ನಮ್ಮ ಪದ್ಧತಿ ಗೊತ್ತಿಲ್ಲ, ‘ಹಿಡೀರಿ ಸಾಹೇಬ್ರ’ ಎಂದ. ನೂರ್ ಅಹ್ಮದರಿಗೆ ಚೆನ್ನಾಗಿ ಗೊತ್ತಿತ್ತು. ಎಷ್ಟೋ ಮನೆಗಳಲ್ಲಿ ಎರಡೂ ಕಡೆಯವರನ್ನು ಕರೆದು, ಜಗಳ ಬಿಡಿಸಿ, ಗೂಟ ಹಿಡಿಸಿದವರು ಅವರೇ. ಒಂದು ಗಳಿಗೆ ನಿಂತರು. ಆಮೇಲೆ ಕೂತು ಗೂಟ ಹಿಡಿದರು.

ದುರ್ಗಮ್ಮ ಎದ್ದು ಒಳಗೆ ಹೋಗಿ ಬಾಗಿಲ ತಟ್ಟಿ ಎಳೆದುಕೊಂಡಳು.

ಊರು ಬಾಯಿಬಿಟ್ಟು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಎತ್ತಿಗೆ ನೀರು ಕೇಳಿದರೆ ‘ನಿಮ್ಮ ಬಾವಿ ಇದ್ಯಲ್ಲ’ ಎಂದರು. ಹೊಸ ಬೇಲಿಗೆ ಯಾರೂ ಕರೆಯಲಿಲ್ಲ. ಬೇಲಿ ಸಾಯ್ಬರು ಎಂಬ ಹೆಸರು ಗೂಟ ಹಿಡಿದ ಸಾಯ್ಬರು ಎಂದಾಯಿತು. ಸಾಯ್ಬರು ಹಲ್ಲು ಕಚ್ಚಿ ಬೇಲಿ ಮುಗಿಸಿದರು. ಅವರ ಕೈಯಿಂದ ಅಂಥ ಒತ್ತಾದ ಬೇಲಿ ಹಿಂದೆ ಆಗಿರಲಿಲ್ಲ. ಒಂದು ಕಡೆಯೂ ತಡಮೆ ಇರಲಿಲ್ಲ. ಶಿವಲಿಂಗಪ್ಪ ಬೇಡ ಎಂದಿದ್ದ. ಆಮೇಲೆ ಮೂಲೆಯಲ್ಲಿ ಮಣ್ಣಿನ ಗೋಡೆಯ ಸಣ್ಣ ಮನೆ ಎಬ್ಬಿಸಿ, ಸಿರಸಿಯಿಂದ ಹೆಂಡತಿಯನ್ನು ಪುದೀನದ ಮಡಕೆ ಸಮೇತ ಕರೆತಂದರು.

ಬದ್ರುನ್ನಿಸಾ ಹಿಗ್ಗಿ ಹೀರೆಕಾಯಿಯಾಗುತ್ತಾರೆ ಎಂದುಕೊಂಡಿದ್ದೆ. ಅವರು ಅಂಗಳಕ್ಕೆ ಇಳಿದು, ಸುತ್ತ ನೋಡಿ, ಬೇಲಿಯಾಚೆ ಹೊಳೆಯಿಂದ ಕೊಡ ಹೊತ್ತು ಏದುಸಿರು ಬಿಡುತ್ತ ಏರಿ ಬರುತ್ತಿದ್ದ ದುರ್ಗಮ್ಮನನ್ನು ಕಂಡರು.

“ಯಾರು ಅವ್ರು? ಬಾವಿ ಇಲ್ಲಿದೆ, ಹೊಳೆಗೆ ಯಾಕೆ ಹೋಗ್ತಾರೆ?”

ಸಾಯ್ಬರು ಇದ್ದದ್ದನ್ನು ಹೇಳಿದರು. ನಾನು ಅಲ್ಲೇ ಇದ್ದೆ, ಮನೆ ನೋಡಲು ಕರೆದಿದ್ದರು. ಬದ್ರುನ್ನಿಸಾ ಮಡಕೆಯನ್ನು ಕೆಳಗಿಡಲೇ ಇಲ್ಲ. “ನೀವು ತಂತಿಯೊಳಗೆ ಕೂತು ಬಂದೋರು” ಎಂದರು ಗಂಡನಿಗೆ. “ಆ ಅಮ್ಮನ್ನ ತಂತಿ ಹೊರಗೆ ಕೂರ್ಸಿದ್ರಲ್ಲ. ಒಳಗಾದ್ರೇನು, ಹೊರಗಾದ್ರೇನು?”

ಸಾಯ್ಬರು ಕತ್ತಿ ತೆಗೆದುಕೊಂಡು ಹೋಗಿ, ತಾನೇ ಹೆಣೆದ ಬೇಲಿಯನ್ನು ದುರ್ಗಮ್ಮನ ಗುಡಿಸಲಿನ ಎದುರಿಗೆ ಕಡಿದರು. ಗಳ ಅಡ್ಡ ಕಟ್ಟಿ, ಬಾವಿಯ ಬಳಿಯ ಚಪ್ಪಟೆ ಕಲ್ಲು ಉರುಳಿಸಿ ತಂದು ಮೆಟ್ಟು ಮಾಡಿದರು. ಆಮೇಲೆ ಗುಡಿಸಲಿಗೆ ಮುಖ ಮಾಡಿ ಕೂಗಿದರು.

“ದುರ್ಗಮ್ಮ, ತಡಮೆ ಬಿಟ್ಟಿದೇನೆ. ಬಾವಿಗೆ ಬನ್ನಿ.”

ದುರ್ಗಮ್ಮ ಹೊರಗೆ ಬಂದಳು. ಬೇಲಿಯವರೆಗೂ ಬಂದಳು. “ನನ್ನ ಹಿತ್ತಲಿಗೆ ನಾನು ಸಂದಿಯಾಗೆ ನುಗ್ಗಿ ಬರೂದಾ? ನಾ ಎಂತ ಕಳ್ಳದನಾನಾ?” ಎಂದಳು. “ನೀರು ನಂದು, ಅದು ಬರ್ಲಿ. ನಾ ಬರೂದಿಲ್ಲ.” ತನ್ನ ತಾಮ್ರದ ಕೊಡವನ್ನು ಮೆಟ್ಟುಗಲ್ಲಿನ ಮೇಲೆ ಕುಕ್ಕಿ ಹಿಂದಕ್ಕೆ ಹೋದಳು.

ಅಂದಿನಿಂದ ಅದೇ ನಡೆಯಿತು. ಬೆಳಗ್ಗೆ ಕಲ್ಲಿನ ಮೇಲೆ ಬರಿ ಕೊಡ. ಬದ್ರುನ್ನಿಸಾ ಸೇದಿ ತುಂಬುತ್ತಿದ್ದರು. ದುರ್ಗಮ್ಮ ಬಂದು ಒಯ್ಯುತ್ತಿದ್ದಳು. ಮಾತಿಲ್ಲ, ಕತೆಯಿಲ್ಲ. ಸಾಬರು ಸೇದಿದ ನೀರು ಕುಡಿಯುತ್ತಾಳೆ ಎಂದು ಊರಲ್ಲಿ ಕೆಲವರು ಮೂಗು ಮುರಿದರು. ಅವರಿಗೆ ದುರ್ಗಮ್ಮ, “ನನ್ನ ಬಾವಿ ನೀರಿಗೆ ನನ್ನದೇ ಜಾತಿ. ನಿಮ್ಮ ಮೂಗು ನೀವು ಇಟ್ಕಳಿ” ಎಂದಳು. ಕಲ್ಲಿನ ಮೇಲೆ ಒಂದೊಂದು ದಿನ ಕೊಡದ ಪಕ್ಕ ಒಂದು ಹಿಡಿ ಪುದೀನ ಇರುತ್ತಿತ್ತು. ದುರ್ಗಮ್ಮ ಅದನ್ನು ಮುಟ್ಟುತ್ತಿರಲಿಲ್ಲ.

ಶಿವಲಿಂಗಪ್ಪ ಮುಂದಿನ ಬಾರಿ ಬಂದಾಗ ತಡಮೆ ಕಂಡಿತು. “ಇದೇನ್ರೀ ಇದು, ಬೇಲಿಗೆ ಬಾಯಿ ಬಂದೈತಿ!” ಎಂದ. ಮತ್ತೆ ಬಂದವನು ಮೋಟಾರಿನಲ್ಲಿ ಮುಳ್ಳುತಂತಿಯ ಒಂದು ಸುರುಳಿ ತಂದು ಇಳಿಸಿದ. ಇದನ್ನು ಬಾಯಿಗೆ ಬಿಗಿಯಿರಿ, ಇಲ್ಲಾಂದರೆ ಮನೆ ಖಾಲಿ ಮಾಡಿರಿ ಎಂದ. ಸಾಯ್ಬರು ತಂತಿಯ ಹತ್ತಿರ ಹೋಗಿ ನಿಂತರು. ಮುಟ್ಟಲಿಲ್ಲ.

“ಯಜಮಾನ್ರೇ, ನಿಮ್ಮ ಮನೆ ಬಿಡ್ತೇನೆ, ಇವತ್ತೇ ಬಿಡ್ತೇನೆ. ಇದನ್ನ ನಾನು ಕಟ್ಟೂದಿಲ್ಲ. ಇದು ಬೇಲಿ ಅಲ್ಲ. ಇದರೊಳಗೆ ನಾನು ಇದ್ದು ಬಂದಿದೇನೆ.”

ಶಿವಲಿಂಗಪ್ಪ ಬಹಳ ಹೊತ್ತು ಲೆಕ್ಕ ಹಾಕಿರಬೇಕು. ಸಾಯ್ಬರು ಹೋದರೆ ಆ ಊರಿನಲ್ಲಿ ಅವನ ಗದ್ದೆಗೆ ನೀರು ತಿರುಗಿಸುವವರೂ ಇರಲಿಲ್ಲ. ‘ಹಾಳಾಗಿ ಹೋಗ್ಲಿ’ ಎಂದು ಹೊರಟುಹೋದ. ತಂತಿಯ ಸುರುಳಿ ಅಲ್ಲೇ ಬಿದ್ದು ತುಕ್ಕು ಹಿಡಿಯಿತು, ಹಾಗಲಬಳ್ಳಿ ಅದರ ಮೇಲೆ ಹಬ್ಬಿತು.

ಆ ವರ್ಷಗಳಲ್ಲಿ ಸಾಯ್ಬರು ಸಂಜೆ ಬಂದು ಕೂತರೆ ಹಳೆಯ ಮಾತೇ. “ಮಾಸ್ತರ್ರೇ, ಗೂಟ ಉಂಟು, ಪುದೀನ ಉಂಟು, ಅಂಗಳ ಉಂಟು. ಆದ್ರೂ ಊರು ಆಗ್ಲಿಲ್ಲ” ಎನ್ನುತ್ತಿದ್ದರು. ನಿಘಂಟಿನಲ್ಲಿ ಆ ನಾಲ್ಕು ಅರ್ಥಗಳ ಹಿಂದೆ ಬರೆಯದೆ ಬಿಟ್ಟದ್ದು ಒಂದಿದೆ, ಪಕ್ಕದವರು. ಅವರು ಒಪ್ಪದಿದ್ದರೆ ಟೌನೂ ಇಲ್ಲ, ತೂನೂ ಇಲ್ಲ. ಇದು ಅವರಿಗೆ ನನಗಿಂತ ಹೆಚ್ಚು ಗೊತ್ತಿತ್ತು.

ನಮ್ಮ ಜಿಲ್ಲೆ ಸೇರಿದ್ದ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ಸಿನ ಸರಕಾರ ಬಂದು, ಜಪ್ತಿಯಾದ ಜಮೀನು ಹಿಂದಕ್ಕೆ ಕೊಡುವ ಕಾನೂನಾಯಿತು. ಶಿವಲಿಂಗಪ್ಪ ತನಗೆ ಬರಬೇಕಾದ್ದನ್ನು ಪಡೆದು ಕೈತೊಳೆದುಕೊಂಡ. ಶಾನುಭೋಗರು ಬಂದು ಗಡಿ ತೋರಿಸಿ, ಇದೆಲ್ಲ ಇನ್ನು ನಿನ್ನದು ಎಂದು ದುರ್ಗಮ್ಮನಿಗೆ ಹೇಳಿಹೋದರು. ಎಲ್ಲ ಎಂದರೆ ಸಾಯ್ಬರ ಮೂಲೆಯೂ. ಊರಿನವರು ಮಾಡಿದ್ದುಣ್ಣೋ ಮಹಾರಾಯ ಎಂದು ನೋಡಲು ಸೇರಿದರು. ನಾನೂ ಹೋದೆ.

ಸಾಯ್ಬರು ಯಾರಿಂದಲೂ ಹೇಳಿಸಿಕೊಳ್ಳಲಿಲ್ಲ. ಪಾತ್ರೆ ಪಗಡೆ ಗಾಡಿಗೆ ಏರಿಸಿಯಾಗಿತ್ತು. ಬದ್ರುನ್ನಿಸಾ ಪುದೀನವನ್ನು ಬೇರು ಸಮೇತ ಕಿತ್ತು ಮತ್ತೆ ಅದೇ ಒಡಕು ಮಡಕೆಗೆ ತುಂಬುತ್ತಿದ್ದರು. ಸಾಯ್ಬರು ಬೇಲಿಯ ಆ ಮೊದಲ ಗೂಟವನ್ನು, ತಾವು ಹಿಡಿದಿದ್ದ ಗೂಟವನ್ನು, ಅಲುಗಿಸಿ ಅಲುಗಿಸಿ ಕಿತ್ತು ಎಸೆದರು. ನೆಲದಲ್ಲಿ ಗುಳಿ ಉಳಿಯಿತು.

ದುರ್ಗಮ್ಮ ಗುಡಿಸಲಿನಿಂದ ಹೊರಬಿದ್ದಳು. ಬಗಲಲ್ಲಿ ಹಾಲವಾಣದ ಹಸಿ ಗೂಟ, ಊರಿದರೆ ಚಿಗುರುವ ಜಾತಿಯದು. ತಡಮೆಯ ಬಳಿ ಬಂದು, ಇಷ್ಟು ವರ್ಷ ಕೊಡ ಮಾತ್ರ ಇಟ್ಟ ಕಲ್ಲಿನ ಮೇಲೆ ಕಾಲಿಟ್ಟು ದಾಟಿದಳು. ನೇರವಾಗಿ ಮೂಲೆಯ ಮನೆಗೂ ಬಾವಿಗೂ ನಡುವೆ ಬಂದು ಗೂಟ ನಿಲ್ಲಿಸಿ, ಎರಡೂ ಕೈಯಲ್ಲಿ ಹಿಡಿದು ಕುಕ್ಕುರುಗಾಲಲ್ಲಿ ಕೂತಳು.

“ಸಾಯ್ಬ್ರೇ, ಕೊಡತಿ ತಗಳಿ.”

ಸಾಯ್ಬರು ನಿಂತೇ ಇದ್ದರು. “ದುರ್ಗಮ್ಮ, ನಾನು ಅವತ್ತು...”

“ಗೊತ್ತು. ನಂಗೆ ಕಣ್ಣಿಲ್ವಾ? ಅವತ್ತಿಂದು ನಾ ಮರೀಲಿಲ್ಲ, ಸಾಯೂವರಿಗೂ ಮರೆಯೂದಿಲ್ಲ. ಅದು ನಾ ಹಿಡೀದೆ ಇದ್ದ ಗೂಟ, ಹೋಯ್ತು. ಇದು ನಾ ಹಿಡಿದ ಗೂಟ. ಈಚೆ ನಿಮ್ದು, ಆಚೆ ನಂದು. ಹೊಡೀರಿ, ಕಾಲು ಜೋಮು ಹಿಡೀತದೆ.”

ಸಾಯ್ಬರು ಕೊಡತಿ ಎತ್ತಿದರು, ಇಳಿಸಿದರು. “ಆಗೂದಿಲ್ಲ, ಕೈ ನಿಲ್ಲೂದಿಲ್ಲ, ನಿಮ್ಮ ಬೆರಳಿಗೆ ಬಿದ್ದೀತು” ಎಂದರು, ಮತ್ತು ಎಲ್ಲರ ಎದುರಿಗೆ ಅತ್ತರು. ನಾನೂ ಅತ್ತೆ. ಮಾಸ್ತರನಾದವನು ಅಳಬಾರದೆಂದು ಯಾವ ಕಾಯಿದೆಯಲ್ಲೂ ಇಲ್ಲ.

ದುರ್ಗಮ್ಮ ಗೂಟ ಬಿಡಲಿಲ್ಲ. “ಬಿದ್ರೆ ಬೀಳ್ಲಿ” ಎಂದಳು. “ಬದ್ರವ್ವ, ಆ ಪುದೀನ ಎಂತಕ್ಕೆ ಕಿತ್ತೆ? ಊರು ಮತ್ತೆ. ನಾಳೆ ಕಲ್ಲಿನ ಮೇಲೆ ಇಟ್ರೆ ಒಯ್ತೀನಿ.”

ಬದ್ರುನ್ನಿಸಾ ಮಡಕೆ ಹಿಡಿದು ಮತ್ತೆ ಪಾತಿಗೆ ಹೋದರು. ಸಾಯ್ಬರು ತೋಳಿನಿಂದ ಕಣ್ಣು ಒರೆಸಿಕೊಂಡು, ಬಿಸ್ಮಿಲ್ಲಾ ಎಂದು, ಹೊಡೆದರು.